ಟಿವಿ ಪಕ್ಕ ಕಂಪ್ಯೂಟರ್ ಬೇಕೋ, ಸ್ಟಿಕ್ ಸಾಕೋ?

ನಮ್ಮ ಅಕ್ಕನ ಮದುವೆಯ ಡಿವಿಡಿ ಮೂರು ಇವೆ. 2007ರದ್ದು. ಕವರಿನ ಮೇಲೆ ಸ್ಟುಡಿಯೋದವರ ಸೀಲು, ಒಳಗೆ ಗಂಡು ಹೆಣ್ಣಿನ ಫೋಟೋ ಅಂಟಿಸಿದ ಚೀಟಿ. ಹೊಸ ಟಿವಿ ಬಂದ ದಿನ ಅಮ್ಮ ಅದನ್ನು ಬೀರುವಿನಿಂದ ತೆಗೆದು ತಂದು, "ಲೋ, ಇದನ್ನ ಎಲ್ಲಿಗೆ ಹಾಕೋದೋ?" ಅಂದಳು. ಟಿವಿಯ ಹಿಂದೆ ಮುಂದೆ ತಡಕಿ ನೋಡಿದಳು. ಹಾಕುವ ಜಾಗ ಎಲ್ಲೂ ಇರಲಿಲ್ಲ. ಹಳೆ ಡಿವಿಡಿ ಪ್ಲೇಯರ್ ಯಾವತ್ತೋ ಗುಜರಿಗೆ ಹೋಗಿತ್ತು.

ಅಲ್ಲಿಂದ ಶುರುವಾಯಿತು. ಒಂದು ವರ್ಷದಲ್ಲಿ ಆ ಟಿವಿಗೆ ಸ್ಟಿಕ್ (ಟಿವಿಯ ಎಚ್‌ಡಿಎಂಐ ತೂತಿಗೆ ಚುಚ್ಚಿ ಓಟಿಟಿ ನೋಡುವ ಪುಟ್ಟ ಸಾಧನ), ಹಳೆ ಡೆಸ್ಕ್‌ಟಾಪ್, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್, ಕೊನೆಗೆ ಒಂದು ಮಿನಿ ಪಿಸಿ, ಎಲ್ಲ ಜೋಡಿಸಿ ನೋಡಿದೆ. ಈಗ ಯಾರಾದರೂ "ಟಿವಿಗೆ ಕಂಪ್ಯೂಟರ್ ಹಾಕಿದ್ರೆ ಹೇಗೆ?" ಅಂತ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನಿಮ್ಮ ಮನೆಯವರು ನೋಡುವುದು ಎಲ್ಲಿಂದ ಬರುತ್ತದೆ?

ಬಾಡಿಗೆಯದು, ಸ್ವಂತದ್ದು ಅಂತ ಎರಡು ಬಗೆ ಮಾಡಿಕೊಳ್ಳಿ. ತಿಂಗಳಿಗೋ ವರ್ಷಕ್ಕೋ ದುಡ್ಡು ಕಟ್ಟಿ ನೋಡುವ ಓಟಿಟಿ ಎಲ್ಲ ಬಾಡಿಗೆಯದು. ದುಡ್ಡು ನಿಂತರೆ ಅದೂ ನಿಲ್ಲುತ್ತದೆ. ಮದುವೆ ಡಿವಿಡಿ, ಮಗುವಿನ ನಾಮಕರಣದ ವಿಡಿಯೋ, ಫೋನಿನಲ್ಲಿ ತುಂಬಿರುವ ಫೋಟೋ, ಅಜ್ಜನ ಕಾಲದ ತಾಳಮದ್ದಲೆ ಕ್ಯಾಸೆಟ್, ದುಡ್ಡು ಕೊಟ್ಟು ತಂದ ಸಿನಿಮಾ ಡಿಸ್ಕ್, ಇವೆಲ್ಲ ಸ್ವಂತದ್ದು. ಒಂದು ವಾರ ಸುಮ್ನೆ ಗಮನಿಸಿ. ಯಾವುದು ಜಾಸ್ತಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬರೀ ಓಟಿಟಿ ನೋಡುವ ಮನೆಗೆ

ಕಂಪ್ಯೂಟರ್ ಬೇಡ. ಸ್ಟಿಕ್ ಸಾಕು. ಟಿವಿಯಲ್ಲೇ ಇರುವ ಆ್ಯಪ್ ಚೆನ್ನಾಗಿ ಓಡುತ್ತಿದ್ದರೆ ಅದೂ ಬೇಡ.

ಕಾರಣ ಇದೆ. ಓಟಿಟಿ ಕಂಪನಿಗಳು ತಮ್ಮ ಚಿತ್ರಗಳಿಗೆ ಬೀಗ ಹಾಕಿ ಕಳಿಸುತ್ತವೆ. ಬೀಗ ತೆಗೆಯುವ ಕೆಲಸ ಚಿಪ್‌ನ ಒಳಗೇ ಭದ್ರವಾಗಿ ನಡೆದರೆ ಪೂರ್ತಿ ಗುಣಮಟ್ಟ ಕೊಡುತ್ತವೆ. ಟಿವಿ, ಸ್ಟಿಕ್‌ಗಳಲ್ಲಿ ಈ ಏರ್ಪಾಡು ಮೊದಲೇ ಇರುತ್ತದೆ. ಕಂಪ್ಯೂಟರ್ ಬ್ರೌಸರ್‌ಗಳಲ್ಲಿ ಸಾಮಾನ್ಯವಾಗಿ ಸಾಫ್ಟ್‌ವೇರ್ ಬೀಗ ಮಾತ್ರ. ಹಾಗಾಗಿ ಅಲ್ಲಿ ಚಿತ್ರದ ದರ್ಜೆ ಇಳಿಯುತ್ತದೆ. ನೆಟ್‌ಫ್ಲಿಕ್ಸ್ 4ಕೆಯಲ್ಲಿ ಬೇಕೆಂದರೆ ವಿಂಡೋಸ್, ಅದರಲ್ಲೂ ಎಡ್ಜ್ ಬ್ರೌಸರ್ ಅಥವಾ ಅವರದೇ ಆ್ಯಪ್, ಜೊತೆಗೆ ಎಚ್‌ಡಿಸಿಪಿ 2.2 (ವೈರಿನಲ್ಲಿ ಹೋಗುವ ಚಿತ್ರ ನಕಲಾಗದಂತೆ ಕಾಯುವ ಬೀಗ) ಒಪ್ಪುವ ಟಿವಿ ಬೇಕು. ವಿಂಡೋಸ್ ಬದಲಿಗೆ ಹಾಕುವ ಉಚಿತ ಲಿನಕ್ಸ್‌ನಲ್ಲಿ 4ಕೆ ಸಿಗುವುದಿಲ್ಲ. ಅದೇ ಖಾತೆ, ಅದೇ ಟಿವಿ, ಸ್ಟಿಕ್‌ನಲ್ಲಿ ಚಿತ್ರ ಗರಿಗರಿಯಾಗಿ ಬರುತ್ತದೆ, ದೊಡ್ಡ ಕಂಪ್ಯೂಟರ್‌ನಲ್ಲಿ ಮಂಕು. ಜಾಸ್ತಿ ದುಡ್ಡು ಹಾಕಿ ಕಡಿಮೆ ನೋಡುವುದು ಯಾಕೆ?

ಒಂದೇ ಒಂದು ವಿಷಯಕ್ಕೆ ಇಂಥ ಮನೆಯಲ್ಲೂ ಕಂಪ್ಯೂಟರ್ ಬೇಕೆನಿಸಬಹುದು: ವಿಡಿಯೋ ಕಾಲ್. ಮಗಳೋ ಮಗನೋ ಹೊರದೇಶದಲ್ಲಿದ್ದು, ಹಿರಿಯರು ಫೋನಿನ ಸಣ್ಣ ಪರದೆಯಲ್ಲಿ ಮೊಮ್ಮಗನ ಮುಖ ಹುಡುಕುತ್ತಿದ್ದರೆ, ಟಿವಿಯ ಮೇಲೆ ಒಂದು ವೆಬ್‌ಕ್ಯಾಮ್ ಕೂರಿಸಿ ಹಳೆ ಲ್ಯಾಪ್‌ಟಾಪ್ ಜೋಡಿಸಿ. ಇಡೀ ಮನೆ ಒಟ್ಟಿಗೆ ಕೂತು ಮಾತಾಡಬಹುದು. ಇದು ಸ್ಟಿಕ್‌ನಿಂದ ಆಗುವ ಕೆಲಸ ಅಲ್ಲ.

ಸ್ವಂತದ್ದು ಇರುವ ಮನೆಗೆ

ಇಲ್ಲಿ ಕಂಪ್ಯೂಟರ್‌ಗೆ ಸಾಟಿ ಇಲ್ಲ. ಅದು ಬರೀ ತೋರಿಸುವ ಪೆಟ್ಟಿಗೆ ಅಲ್ಲ, ಹಳೆಯದನ್ನು ಎತ್ತಿಕೊಂಡು, ರಿಪೇರಿ ಮಾಡಿ, ಜೋಡಿಸಿಡುವ ಪೆಟ್ಟಿಗೆಯೂ ಹೌದು.

ಅಕ್ಕನ ಡಿವಿಡಿಯನ್ನೇ ತೆಗೆದುಕೊಳ್ಳಿ. ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಜೋಡಿಸಿ ಒಳಗಿರುವ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದೆ. ಧಾರೆ ಎರೆಯುವಾಗ ಸೀರೆಯ ಅಂಚಿನ ಮೇಲೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಅಡ್ಡ ಗೆರೆಗಳು. ಯಾರಾದರೂ ಕೈ ಆಡಿಸಿದರೆ ಕೈಗೂ ಹಲ್ಲು. ಡಿಸ್ಕ್ ಹಾಳಾಗಿದೆ ಅಂದುಕೊಂಡೆ. ಹಾಳಾಗಿರಲಿಲ್ಲ. ನಮ್ಮ ದೇಶದ ಡಿವಿಡಿಗಳು 720 ಅಡ್ಡ, 576 ಉದ್ದದ ಚುಕ್ಕಿಗಳ ಚಿತ್ರ, ಸೆಕೆಂಡಿಗೆ 25. ಆಗಿನ ಕ್ಯಾಮರಾಗಳು ಒಂದೊಂದು ಚಿತ್ರವನ್ನೂ ಎರಡು ಅರ್ಧ ಮಾಡಿ ಬರೆಯುತ್ತಿದ್ದವು. ಒಂದು ಅರ್ಧದಲ್ಲಿ ಬೆಸ ಸಾಲುಗಳು, ಇನ್ನೊಂದರಲ್ಲಿ ಸಮ ಸಾಲುಗಳು. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಹಳೆ ಡಬ್ಬಾ ಟಿವಿ ಅವನ್ನು ಹಾಗೇ ಒಂದಾದ ಮೇಲೊಂದು ಬಿಡಿಸುತ್ತಿತ್ತು, ಕಣ್ಣಿಗೆ ಸರಿಯಾಗಿ ಕಾಣುತ್ತಿತ್ತು. ಈಗಿನ ಪರದೆಯಲ್ಲಿ ಎರಡೂ ಅರ್ಧ ಒಟ್ಟಿಗೆ ಬಂದು ಕೂರುತ್ತವೆ. ಅಷ್ಟರಲ್ಲಿ ಕೈ ಸರಿದಿರುತ್ತದೆ. ಅದೇ ಆ ಹಲ್ಲು.

ಕಂಪ್ಯೂಟರ್‌ನಲ್ಲಿ ಇದಕ್ಕೆ ಮದ್ದು ಇದೆ. ವಿಎಲ್‌ಸಿ ಅನ್ನುವ ಉಚಿತ ವಿಡಿಯೋ ಪ್ಲೇಯರ್‌ನಲ್ಲಿ ವಿಡಿಯೋ ಮೆನುವಿಗೆ ಹೋಗಿ ಡಿಇಂಟರ್ಲೇಸ್ ಆನ್ ಮಾಡಿ, ಬಗೆಯಲ್ಲಿ 'ಯಾಡಿಫ್ 2ಎಕ್ಸ್' ಆರಿಸಿ. 25 ಇದ್ದದ್ದು 50 ಆಗುತ್ತದೆ, ಗೆರೆ ಮಾಯ, ಓಡಾಟ ನುಣುಪು. ನಾನು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅದೇ ಮದ್ದು ಹಾಕಿ ಹೊಸ ಫೈಲ್ ಮಾಡಿಟ್ಟೆ. ಮೂಲವನ್ನೂ ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದಿಷ್ಟೂ ಕೆಡದ ಹಾಗೆ ಎತ್ತಿಟ್ಟೆ. ಇಂಥ ಒಂದು ಡಿಸ್ಕ್ ಅಂದರೆ ಸಾಮಾನ್ಯವಾಗಿ 4.7 ಜಿಬಿ, ಈಗಿನ ಲೆಕ್ಕದಲ್ಲಿ ಏನೂ ಅಲ್ಲ. ಅಮ್ಮ ಧಾರೆಯ ಭಾಗವನ್ನು ಎರಡು ಸಲ ಹಾಕಿಸಿ ನೋಡಿದಳು. ಎರಡನೇ ಸಲ ತೀರಿಹೋದ ಚಿಕ್ಕಮ್ಮ ಹಿಂದೆ ನಿಂತಿರುವುದು ಕಂಡಿತು. ಮೊದಲು ಆ ಮೂಲೆ ಬರೀ ಗೆರೆಯಾಗಿತ್ತು.

ಕ್ಯಾಸೆಟ್ ಕೆಲಸ ಇನ್ನೂ ಸುಲಭ. ಟೇಪ್‌ರೆಕಾರ್ಡರ್‌ನಿಂದ ಕಂಪ್ಯೂಟರ್‌ನ ಲೈನ್-ಇನ್ ತೂತಿಗೆ ಒಂದು ವೈರು, ಧ್ವನಿ ದಾಖಲಿಸುವ ಆಡಾಸಿಟಿ ಸಾಫ್ಟ್‌ವೇರ್, ಅಷ್ಟೆ. ಆದರೆ 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷ ಕೂರಲೇಬೇಕು. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಹತ್ತು ಎಂಬಿ ಹಿಡಿಯುತ್ತದೆ. ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಧ್ವನಿ ಒಂಚೂರೂ ಕೆಡುವುದಿಲ್ಲ.

ಹಾಗಾದರೆ ಯಾವ ಕಂಪ್ಯೂಟರ್?

ಮನೆಯಲ್ಲಿ ಬಿದ್ದಿರುವ ಹಳೆ ಡೆಸ್ಕ್‌ಟಾಪ್ ಎಲ್ಲರ ಮೊದಲ ಯೋಚನೆ. ನನ್ನದೂ ಅದೇ ಆಗಿತ್ತು. ಪರೀಕ್ಷೆ ಮಾಡಿ ನೋಡಲು ಅದು ಒಳ್ಳೆಯದು, ಖರ್ಚಿಲ್ಲ. ಉಳಿಸಿಕೊಳ್ಳಲು ಅಲ್ಲ. ಫ್ಯಾನ್ ಸದ್ದು ಹಗಲು ಕೇಳುವುದಿಲ್ಲ, ರಾತ್ರಿ ಮೆಲ್ಲನೆಯ ಮಾತಿನ ದೃಶ್ಯ ಬಂದಾಗ ಕೇಳುತ್ತದೆ. ಜೊತೆಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಚಿಪ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿಕೊಳ್ಳಬೇಕು. ಹಾಕುವುದು ಕಷ್ಟವಲ್ಲ.

ಹಳೆ ಲ್ಯಾಪ್‌ಟಾಪ್ ಇದಕ್ಕಿಂತ ಮೇಲು. ಕರೆಂಟು ಕಡಿಮೆ ತಿನ್ನುತ್ತದೆ, ಬ್ಯಾಟರಿ ಸರಿ ಇದ್ದರೆ ಯುಪಿಎಸ್ ಅದರಲ್ಲೇ ಇದ್ದ ಹಾಗೆ. ಆದರೆ ಬ್ಯಾಟರಿ ಉಬ್ಬಿದ್ದರೆ ದಯವಿಟ್ಟು ತೆಗೆಸಿಬಿಡಿ. ಹಗಲೂ ರಾತ್ರಿ ಚಾರ್ಜ್‌ನಲ್ಲಿ ಇಡುವ ವಸ್ತು ಅದು, ಟಿವಿ ಸ್ಟ್ಯಾಂಡಿನ ಒಳಗೆ ಗಾಳಿ ಇಲ್ಲದ ಜಾಗದಲ್ಲಿ ಇಡುವುದು ಅಪಾಯ.

ನಾನು ಹೆಚ್ಚಿನವರಿಗೆ ಹೇಳುವುದು ಎರಡರಲ್ಲಿ ಒಂದು. ಒಂದು, ಆಫೀಸುಗಳಿಂದ ಹೊರಬಂದ ಪುಟ್ಟ ಸೆಕೆಂಡ್‌ಹ್ಯಾಂಡ್ ಪಿಸಿಗಳು. ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಅನ್ನುವ ಹೆಸರಿನವು. ದಪ್ಪ ಪುಸ್ತಕದಷ್ಟು ಗಾತ್ರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುತ್ತಾಡಿದರೆ ಸಿಗುತ್ತವೆ. ಇಂಟೆಲ್ 8ನೇ ತಲೆಮಾರು ಅಥವಾ ಮೇಲಿನದನ್ನೇ ಕೇಳಿ. ಕೊಳ್ಳುವ ಮುಂಚೆ ಹಿಂಭಾಗ ನೋಡಿ. ಕೆಲವದರಲ್ಲಿ ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುತ್ತದೆ, ಎಚ್‌ಡಿಎಂಐ ಇರುವುದಿಲ್ಲ. ಇದ್ದರೂ ಹಳೆಯ 1.4 ಆಗಿದ್ದರೆ 4ಕೆಯಲ್ಲಿ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ, ಮೌಸ್ ಸರಿಸಿದರೂ ಎಳೆದಂತೆ ಅನಿಸುತ್ತದೆ. 60 ಬೇಕೆಂದರೆ ಎಚ್‌ಡಿಎಂಐ 2.0 ಇರಬೇಕು. ಇಲ್ಲದಿದ್ದರೆ ಡಿಸ್‌ಪ್ಲೇ ಪೋರ್ಟ್‌ಗೆ 4ಕೆ 60 ಕೊಡುವ ಅಡಾಪ್ಟರ್ ಹಾಕಬೇಕು.

ಎರಡನೆಯದು, ಇಂಟೆಲ್ ಎನ್100 ಚಿಪ್‌ನ ಹೊಸ ಮಿನಿ ಪಿಸಿ. ಈ ಚಿಪ್ 2023ರಲ್ಲಿ ಬಂತು. ನಾಲ್ಕು ಕೋರ್, 6 ವ್ಯಾಟ್ ದರ್ಜೆ. ದೊಡ್ಡ ಲೆಕ್ಕಾಚಾರಕ್ಕೆ ಇದು ಚಿಕ್ಕದು, ವಿಡಿಯೋ ಕೆಲಸಕ್ಕೆ ಗಟ್ಟಿಗ. ಹೊಸ ಫೋನುಗಳು ಬರೆಯುವ ಎಚ್‌ಇವಿಸಿ, ಯೂಟ್ಯೂಬ್ ಈಗ ಹೆಚ್ಚೆಚ್ಚು ಬಳಸುವ ಎವಿ1, ವಿಡಿಯೋ ಕುಗ್ಗಿಸಿಡುವ ಈ ಎರಡೂ ಬಗೆಯನ್ನು ಚಿಪ್‌ನಲ್ಲೇ ಬಿಡಿಸುತ್ತದೆ. 8ನೇ ತಲೆಮಾರಿನ ಹಳೆ ಪಿಸಿ ಎಚ್‌ಇವಿಸಿ ಬಿಡಿಸುತ್ತದೆ, ಎವಿ1 ಬಂದರೆ ಎಲ್ಲ ಭಾರ ಪ್ರಾಸೆಸರ್ ಮೇಲೆ ಬೀಳುತ್ತದೆ. ಹೊಸದು ಕೊಳ್ಳುವ ಶಕ್ತಿ ಇದ್ದರೆ ನನ್ನ ಓಟು ಎನ್100ಗೆ. ನಮ್ಮ ಮನೆಯಲ್ಲಿ ಈಗ ಇರುವುದೂ ಅದೇ.

ರಾಸ್ಪ್‌ಬೆರಿ ಪೈ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪೈ 4 ಅಥವಾ 5ಕ್ಕೆ ಲಿಬ್ರೆಎಲೆಕ್ ಅನ್ನುವ ಪುಟ್ಟ ಲಿನಕ್ಸ್ ಹಾಕಿದರೆ ಆನ್ ಮಾಡಿದ ತಕ್ಷಣ ಕೋಡಿ (ವಿಡಿಯೋ, ಫೋಟೋ ತೋರಿಸುವ ಸಾಫ್ಟ್‌ವೇರ್, ಮುಂದೆ ಹೇಳುತ್ತೇನೆ) ಬರುತ್ತದೆ, ಟಿವಿ ರಿಮೋಟ್‌ನಲ್ಲೇ ನಡೆಯುತ್ತದೆ. ಒಂದೇ ಟಿವಿ, ಸ್ವಂತ ಫೈಲುಗಳು ಮಾತ್ರ ಅನ್ನುವ ಮನೆಗೆ ಅಚ್ಚುಕಟ್ಟು. ಓಟಿಟಿ ಮಾತ್ರ ಅದರಿಂದ ಬಯಸಬೇಡಿ.

ಕರೆಂಟು ಬಿಲ್ಲು

ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ಯೋಚಿಸಲೇಬೇಕು. ಹಳೆ ಡೆಸ್ಕ್‌ಟಾಪ್ ಸುಮ್ಮನೆ ಆನ್ ಇದ್ದಾಗ 50 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಇಪ್ಪತ್ನಾಲ್ಕು ಗಂಟೆಯೂ ಆನ್ ಇಟ್ಟರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಮಿನಿ ಪಿಸಿ 8 ವ್ಯಾಟ್ ಆದರೆ ತಿಂಗಳಿಗೆ 6 ಯೂನಿಟ್ಟೂ ಆಗುವುದಿಲ್ಲ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ 180 ರೂಪಾಯಿ ವ್ಯತ್ಯಾಸ.

ಗೃಹಜ್ಯೋತಿಯಲ್ಲಿರುವ ಮನೆಯವರು ಇನ್ನೂ ಎಚ್ಚರವಾಗಿರಬೇಕು. 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯೋಜನೆ ಶುರುವಾದಾಗ ಲೆಕ್ಕ ಹಾಕಿದ್ದು 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10. ಆಗ ಸರಾಸರಿ 90 ಯೂನಿಟ್ ಇದ್ದ ಮನೆಗೆ ಸಿಕ್ಕ ಮಿತಿ 99. ಅಲ್ಲಿಗೆ 36 ಯೂನಿಟ್‌ನ ಡೆಸ್ಕ್‌ಟಾಪ್ ತಂದು ಕೂರಿಸಿದರೆ ಆ ಹೆಚ್ಚುವರಿ 9 ಯೂನಿಟ್ ಎಲ್ಲಿಗೂ ಸಾಲದು, ಮಿಕ್ಕಿದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ತಲೆಯ ಮೇಲೆ. ಮಿನಿ ಪಿಸಿಯಾದರೆ ಆ 9ರ ಒಳಗೇ ಮುಗಿಯುತ್ತದೆ. ನಿಮ್ಮ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟು ಅಂತ ನೋಡಿಯೇ ಮುಂದುವರಿಯಿರಿ.

ಕೋಡಿ, ಜೆಲ್ಲಿಫಿನ್, ಪ್ಲೆಕ್ಸ್

ಮೂರನ್ನೂ ಒಂದೇ ತಕ್ಕಡಿಗೆ ಹಾಕುವವರು ಜಾಸ್ತಿ. ಮೂರೂ ಒಂದೇ ಜಾತಿಯವಲ್ಲ.

ಕೋಡಿ ಟಿವಿಗೆ ಜೋಡಿಸಿದ ಕಂಪ್ಯೂಟರ್‌ನಲ್ಲೇ ಕೂತು ಅಲ್ಲೇ ತೋರಿಸುತ್ತದೆ. ಮೊದಲು ಎಕ್ಸ್‌ಬಿಎಂಸಿ ಅನ್ನುತ್ತಿದ್ದರು, 2014ರಲ್ಲಿ ಹೆಸರು ಬದಲಾಯಿತು. ಪೂರ್ತಿ ಉಚಿತ. ಇದರ ದೊಡ್ಡ ಗುಣ, ಫೈಲ್ ಹೇಗಿದೆಯೋ ಹಾಗೇ ಓಡಿಸುತ್ತದೆ. ಸೆಟ್ಟಿಂಗ್‌ನಲ್ಲಿ ಪರದೆಯ ರಿಫ್ರೆಶ್ ದರವನ್ನು ಚಿತ್ರಕ್ಕೆ ಹೊಂದಿಸು ಅನ್ನುವುದನ್ನು ಆನ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರ, ಟಿವಿ ಸೆಕೆಂಡಿಗೆ 60. 60ನ್ನು 24ರಿಂದ ಸಮನಾಗಿ ಭಾಗಿಸಲು ಬರುವುದಿಲ್ಲ ಅಲ್ವಾ, ಅದಕ್ಕೇ ಕ್ಯಾಮರಾ ನಿಧಾನ ಪಕ್ಕಕ್ಕೆ ತಿರುಗುವಾಗ ಚಿತ್ರ ಕುಲುಕುತ್ತದೆ. ಆ ಸೆಟ್ಟಿಂಗ್ ಹಾಕಿದರೆ ಟಿವಿಯೇ 24ಕ್ಕೆ ಇಳಿಯುತ್ತದೆ. ಮದುವೆ ಡಿವಿಡಿಗೆ 50ಕ್ಕೆ ಹೋಗುತ್ತದೆ. ಒಮ್ಮೆ ಈ ವ್ಯತ್ಯಾಸ ಕಂಡ ಮೇಲೆ ಮೊದಲಿನದಕ್ಕೆ ಮರಳಲು ಮನಸ್ಸು ಬರುವುದಿಲ್ಲ.

ಜೆಲ್ಲಿಫಿನ್ ಮತ್ತು ಪ್ಲೆಕ್ಸ್ ಸರ್ವರ್‌ಗಳು, ಅಂದರೆ ಒಂದು ಕಂಪ್ಯೂಟರ್‌ನಲ್ಲಿರುವ ಫೈಲನ್ನು ಬೇರೆ ಸಾಧನಗಳಿಗೆ ಕಳಿಸುವವು. ಕಂಪ್ಯೂಟರ್ ಟಿವಿ ಪಕ್ಕ ಇರಬೇಕಾಗಿಯೇ ಇಲ್ಲ. ವೈಫೈ ರೂಟರ್ ಪಕ್ಕವೋ ಅಟ್ಟದ ಮೇಲೋ ಇರಲಿ. ಟಿವಿಯಲ್ಲಿ, ಫೋನಿನಲ್ಲಿ, ಅಜ್ಜಿಯ ಟ್ಯಾಬ್‌ನಲ್ಲಿ ಒಂದು ಆ್ಯಪ್ ಸಾಕು. ನೋಡುವ ಸಾಧನಕ್ಕೆ ಅರ್ಥವಾಗದ ಫೈಲ್ ಇದ್ದರೆ ಸರ್ವರ್ ಅದನ್ನು ಅಲ್ಲೇ ಬದಲಿಸಿ ಕಳಿಸುತ್ತದೆ. ಎನ್100ರಂಥ ಚಿಪ್‌ನ ಬೆಲೆ ಗೊತ್ತಾಗುವುದು ಇಲ್ಲಿ. ಪೈನಲ್ಲಿ ಈ ಕೆಲಸ ಹೆಣಗಾಡುತ್ತದೆ.

ಎರಡರಲ್ಲಿ ನನ್ನ ಆಯ್ಕೆ ಜೆಲ್ಲಿಫಿನ್. ಎಂಬಿ (Emby) ಅನ್ನುವ ಸಾಫ್ಟ್‌ವೇರ್ ತನ್ನ ಮೂಲ ಕೋಡ್ ಮುಚ್ಚಿಕೊಂಡಾಗ, 2018ರ ಕೊನೆಯಲ್ಲಿ ಅದರಿಂದ ಕವಲೊಡೆದು ಹುಟ್ಟಿದ್ದು. ಯಾವುದಕ್ಕೂ ದುಡ್ಡು ಕೇಳುವುದಿಲ್ಲ. ಪ್ಲೆಕ್ಸ್ ನೋಡಲು ನೀಟಾಗಿದೆ, ಸೆಟಪ್ ಸುಲಭ, ಹೆಚ್ಚು ಟಿವಿಗಳಲ್ಲಿ ಆ್ಯಪ್ ಸಿಗುತ್ತದೆ. ಆದರೆ ಚಿಪ್‌ನ ಸಹಾಯದಿಂದ ವಿಡಿಯೋ ಬದಲಿಸಬೇಕೆಂದರೆ ಪ್ಲೆಕ್ಸ್ ಪಾಸ್ ಕೊಳ್ಳಬೇಕು. 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೋ ನೋಡಲೂ ದುಡ್ಡು. ನಮ್ಮ ಮದುವೆ ವಿಡಿಯೋ, ನಮ್ಮ ಕಂಪ್ಯೂಟರ್, ನಮ್ಮ ಇಂಟರ್ನೆಟ್. ನನಗೆ ಅದು ಸರಿ ಅನಿಸಲಿಲ್ಲ.

ಕನ್ನಡದ ಕೆಲಸಕ್ಕೂ ಜೆಲ್ಲಿಫಿನ್ ಅನುಕೂಲ ಅನಿಸಿತು. ಬ್ರೌಸರ್‌ನಲ್ಲಿ ತೆರೆದರೆ ಅಕ್ಷರ ಬರೆಯುವುದು ಬ್ರೌಸರ್, ಒತ್ತಕ್ಷರ ಎಲ್ಲ ಸರಿಯಾಗಿ ಕೂರುತ್ತದೆ. ಕೋಡಿಯಲ್ಲಿ ಫೋಲ್ಡರ್‌ಗೆ 'ಅಜ್ಜನ ತಾಳಮದ್ದಲೆ' ಅಂತ ಹೆಸರಿಟ್ಟಾಗ ನನಗೆ ಬರೀ ಚೌಕಗಳು ಕಂಡವು. ಕನ್ನಡ ಇರುವ ಫಾಂಟ್ ಹಾಕಿಕೊಳ್ಳಬೇಕಾಯಿತು. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ.

ರಿಮೋಟ್

ಮನೆಯಲ್ಲಿ ವ್ಯವಸ್ಥೆ ಉಳಿಯುವುದೋ ಮೂಲೆ ಸೇರುವುದೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಡೆಸ್ಕ್‌ಟಾಪ್ ಇದ್ದ ತಿಂಗಳು ಅಮ್ಮ ಟಿವಿ ಹಾಕುವುದನ್ನೇ ಬಿಟ್ಟಿದ್ದಳು. ವೈರ್‌ಲೆಸ್ ಕೀಬೋರ್ಡ್ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಬಾಣದ ಗುರುತು ಎಲ್ಲಿದೆ ಅಂತ ಹುಡುಕುತ್ತಿದ್ದಳು. ಕೇಳಿದರೆ "ನೀನು ಬಂದ ಮೇಲೆ ನೋಡ್ತೀನಿ ಬಿಡು" ಅನ್ನುತ್ತಿದ್ದಳು. ನನಗೆ ಬೇಸರವಾಯಿತು.

ಟಿವಿ ರಿಮೋಟ್‌ನಿಂದಲೇ ಎಚ್‌ಡಿಎಂಐ ಮೂಲಕ ಬೇರೆ ಪೆಟ್ಟಿಗೆ ನಡೆಸುವ ಏರ್ಪಾಡಿಗೆ ಸಿಇಸಿ ಅನ್ನುತ್ತಾರೆ. ಸ್ಟಿಕ್, ಪೈ ಎರಡರಲ್ಲೂ ಇದೆ. ಬಹುತೇಕ ಪಿಸಿಗಳಲ್ಲಿ ಇಲ್ಲ. ಪಿಸಿಗೆ ಫ್ಲರ್ಕ್ ಅನ್ನುವ ಪುಟ್ಟ ಯುಎಸ್‌ಬಿ ತುಂಡು ಹಾಕಬಹುದು, ಮನೆಯ ಯಾವುದಾದರೂ ಹಳೆ ರಿಮೋಟ್‌ನ ಗುಂಡಿಗಳನ್ನು ಅದು ಕಲಿತುಕೊಳ್ಳುತ್ತದೆ. ಕೋಡಿಗೆ ಫೋನಿನಲ್ಲಿ ಕೋರೆ ಅನ್ನುವ ಆ್ಯಪ್ ಇದೆ.

ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು ಜೋಡಿ ವ್ಯವಸ್ಥೆ. ಟಿವಿಗೆ ಸ್ಟಿಕ್, ರೂಟರ್ ಪಕ್ಕ ಮಿನಿ ಪಿಸಿ. ಸ್ಟಿಕ್‌ನಲ್ಲಿ ಓಟಿಟಿ ಆ್ಯಪ್‌ಗಳ ಸಾಲಿನಲ್ಲೇ ಜೆಲ್ಲಿಫಿನ್ ಕೂತಿದೆ. ಅಮ್ಮನ ಕೈಯಲ್ಲಿ ಒಂದೇ ರಿಮೋಟ್. ಓಟಿಟಿ ಪೂರ್ತಿ ಗುಣಮಟ್ಟದಲ್ಲಿ ಬರುತ್ತದೆ, ಮನೆಯದ್ದೂ ಬರುತ್ತದೆ. ಎರಡೂ ಬಗೆ ನೋಡುವ ಮನೆಗೆ ನಾನು ಇದನ್ನೇ ಹೇಳುವುದು. ಮಿನಿ ಪಿಸಿಯಿಂದ ರೂಟರ್‌ಗೆ ಮಾತ್ರ ಲ್ಯಾನ್ ವೈರ್ ಹಾಕಿ, ಸ್ಟಿಕ್ ಅನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. 2.4ರಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲವೇ ಜಾಸ್ತಿ.

ಪಿಸಿಯನ್ನೇ ನೇರ ಟಿವಿಗೆ ಹಾಕಿ ಅಂತ ಹೇಳುವುದು ಎರಡು ಬಗೆಯವರಿಗೆ ಮಾತ್ರ: ಟಿವಿಯಲ್ಲಿ ಗೇಮ್ ಆಡುವವರು, ಚಿತ್ರ ಕುಲುಕುವುದನ್ನು ಸಹಿಸದವರು. ಗೇಮ್ ಕೂಡ ಸನ್‌ಶೈನ್, ಮೂನ್‌ಲೈಟ್ ಅನ್ನುವ ಉಚಿತ ಜೋಡಿಯಿಂದ ಬೇರೆ ಕೋಣೆಯ ಪಿಸಿಯಿಂದಲೇ ಟಿವಿಗೆ ಬರುತ್ತದೆ.

ಡಿಡಿ ಫ್ರೀ ಡಿಶ್ ಇಟ್ಟುಕೊಂಡವರು ಚಂದನವನ್ನು ಬರೀ ನೋಡುವುದಾದರೆ ಈಗಿರುವ ಸೆಟ್‌ಟಾಪ್ ಬಾಕ್ಸೇ ಸಾಕು. ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕೆಂದರೆ ಪಿಸಿಗೆ ಡಿಶ್ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಟ್ಯೂನರ್, ಲಿನಕ್ಸ್‌ನಲ್ಲಿ ರೆಕಾರ್ಡ್ ಮಾಡುವ ಟಿವಿಹೆಡ್‌ಎಂಡ್ ಸಾಫ್ಟ್‌ವೇರ್ ಬೇಕು.

ಡಿಸ್ಕ್

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಊರಿನ ಮನೆಯಲ್ಲಿಟ್ಟಿದ್ದ 2 ಟಿಬಿ ಹಾರ್ಡ್‌ಡಿಸ್ಕ್ ಅಂಥದೇ ಒಂದು ಸಂಜೆ ಕಟ ಕಟ ಸದ್ದು ಮಾಡಿ ನಿಂತಿತು. ತಮ್ಮನ ಉಪನಯನದ ಫೋಟೋಗಳು ಅದರಲ್ಲಿ ಮಾತ್ರ ಇದ್ದವು. ಎಲ್ಲ ಹೋಯಿತು. ಇವತ್ತಿಗೂ ನೋವಾಗುತ್ತದೆ.

ಈಗ ಮಿನಿ ಪಿಸಿ ಮತ್ತು ರೂಟರ್ ಎರಡೂ ಒಂದು ಸಣ್ಣ ಯುಪಿಎಸ್ ಮೇಲಿವೆ. ಎರಡು ಡಿಸ್ಕ್ ಇವೆ. ಒಂದು ಮೈಸೂರಿನಲ್ಲಿ ದಿನಾ ಓಡುವುದು. ಇನ್ನೊಂದು ಊರಿನ ಬೀರುವಿನಲ್ಲಿ, ಹಬ್ಬಕ್ಕೆ ಹೋದಾಗ ಜೋಡಿಸಿ ಹೊಸದನ್ನೆಲ್ಲ ನಕಲು ಮಾಡಿ ಮತ್ತೆ ಕಿತ್ತಿಡುತ್ತೇನೆ. ಸಿನಿಮಾಗಳಿಗೆ ಈ ನಕಲು ಬೇಕಿಲ್ಲ. ಮನೆಯ ವಿಡಿಯೋ, ಫೋಟೋ, ಕ್ಯಾಸೆಟ್‌ಗಳಿಗೆ ಬೇಕೇ ಬೇಕು.

ಇನ್ನೊಂದು, ಇದನ್ನು ಮುಂದೂಡಬೇಡಿ. ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ ಅಂಗಡಿಯ ಸಿನಿಮಾ ಡಿವಿಡಿಯ ಹಾಗಲ್ಲ. ಅದರಲ್ಲಿ ಚಿತ್ರ ನಿಂತಿರುವುದು ಒಂದು ಬಗೆಯ ಬಣ್ಣದ ಪದರದ ಮೇಲೆ. ಬಿಸಿಗೆ, ಬೆಳಕಿಗೆ, ತೇವಕ್ಕೆ ಅದು ನಿಧಾನವಾಗಿ ಮಾಸುತ್ತದೆ. ಅಕ್ಕನ ಮೂರನೇ ಡಿಸ್ಕ್‌ನಲ್ಲಿ ಕೊನೆಯ ಹನ್ನೊಂದು ನಿಮಿಷ ಓದಲು ಬರಲಿಲ್ಲ. ಎರಡು ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿದೆ, ಒಂದರಲ್ಲಿ ನಾಲ್ಕು ನಿಮಿಷ ಸಿಕ್ಕಿತು. ಹೆಣ್ಣೊಪ್ಪಿಸುವ ಭಾಗ ಅದು. ಯಾವ ಪಿಸಿ, ಯಾವ ಸಾಫ್ಟ್‌ವೇರ್ ಅಂತ ತಿಂಗಳುಗಟ್ಟಲೆ ಯೋಚಿಸಿ, ಪರವಾಗಿಲ್ಲ. ಡಿವಿಡಿ ಡ್ರೈವ್ ಒಂದನ್ನು ಮಾತ್ರ ಈ ವಾರವೇ ತನ್ನಿ.